ಹೊಸತನ್ನು ಕೊಟ್ಟು ಹಳತನ್ನು ತಂದೆವು

ಕಳೆದ ಬೇಸಗೆ ರಜೆಯಲ್ಲಿ ನಾವು ಒಂದು ವಿನಿಮಯ ಮಾಡಿಕೊಂಡೆವು. 2019ರಲ್ಲಿ ಕೊಂಡಿದ್ದ ನಮ್ಮ ಮೋಟಾರು ಸೈಕಲನ್ನು ಗಡಿಯಾಚೆ ಸುಳ್ಯದ ಕಡೆಯ ತರುಣರೊಬ್ಬರಿಗೆ ಕೊಟ್ಟು, ಅವರ ಮನೆಯಲ್ಲಿದ್ದ 1991ರ ಬುಲೆಟ್ಟನ್ನು ತಂದೆವು. ಮೇಲಿಂದ ಹಣ ಕೊಡಲೂ ಇಲ್ಲ, ಪಡೆಯಲೂ ಇಲ್ಲ. ಶಾಲೆ ತೆರೆದ ದಿನವೇ ಹತ್ತನೆಯ ತರಗತಿಯ ಹುಡುಗನೊಬ್ಬ ಕೇಳಿದ: "ಮಾಸ್ಟ್ರೇ, ಹೊಸತು ಕೊಟ್ಟು ಹಳತು ತಕ್ಕೊಂಡದ್ದು ಯಾಕೆ?" ಅಧ್ಯಾಪಕರ ಕೋಣೆಯಲ್ಲಿಯೂ ಅದೇ ಪ್ರಶ್ನೆ, ಜೊತೆಗೆ ಒಂದಿಷ್ಟು ನಗು.

ನಗುವಿಗೆ ಉತ್ತರ ಕೊಡಬೇಕಾಗಿಲ್ಲ. ಆದರೆ ಅದೇ ತಿಂಗಳು ನಮ್ಮ ಹಳೆಯ ವಿದ್ಯಾರ್ಥಿಯೊಬ್ಬನ ತಂದೆ ಶಾಲೆಗೆ ಬಂದರು. ಮಗನಿಗೆ ಹದಿನೆಂಟು ತುಂಬಿದೆ. ಎರಡು ಲಕ್ಷ ರೂಪಾಯಿಗೂ ಮಿಕ್ಕಿದ ಬೈಕೇ ಬೇಕೆಂದು ಹಟ ಹಿಡಿದು ಎರಡು ದಿನ ಊಟ ಬಿಟ್ಟಿದ್ದಾನೆ. ತಾಯಿಯ ಬಳೆಗಳನ್ನು ಅಡವಿಡುವ ಮಾತು ಮನೆಯಲ್ಲಿ ನಡೆದಿದೆ. "ಎಲ್ಲರ ಹತ್ತಿರ ಇದೆ ಅಂತಾನೆ ಮಾಸ್ಟ್ರೇ. ನೀವು ಹೊಸತನ್ನೇ ಬಿಟ್ಟವರು, ಅವನಿಗೆ ಎರಡು ಮಾತು ಹೇಳಿ" ಎಂದರು. ಆ ಎರಡು ಮಾತು ಯಾವುವು ಎಂದು ಯೋಚಿಸಿದುದರ ಫಲವೇ ಈ ಲೇಖನ. ಓದುವ ಮಕ್ಕಳಿಗೂ ಅವರ ಹೆತ್ತವರಿಗೂ ಇದು ಉಪಯೋಗಕ್ಕೆ ಬಂದರೆ ನಮಗೆ ಸಂತೋಷ.

ಮೊದಲು ಬುಲೆಟ್ಟಿನ ಕಥೆ. 1955ರಲ್ಲಿ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿಯೂ ಮದ್ರಾಸ್ ಮೋಟಾರ್ಸ್ ಸಂಸ್ಥೆಯೂ ಕೂಡಿ ಮದ್ರಾಸಿನಲ್ಲಿ ಎನ್‌ಫೀಲ್ಡ್ ಇಂಡಿಯಾವನ್ನು ಸ್ಥಾಪಿಸಿದವು. ಆಗ ನಮ್ಮ ಕಾಸರಗೋಡು ತಾಲೂಕು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿ ಅದೇ ಮದ್ರಾಸ್ ರಾಜ್ಯದಲ್ಲಿತ್ತು. ಮರುವರ್ಷ, 1956ರ ನವೆಂಬರ್ 1ರಂದು, ನಾವು ಕೇರಳದವರಾದೆವು. ಇಂಗ್ಲೆಂಡಿನಲ್ಲಿ ಆ ವಾಹನದ ತಯಾರಿಕೆ ನಿಂತುಹೋದ ಮೇಲೂ ಮದ್ರಾಸಿನಲ್ಲಿ ನಿಲ್ಲಲಿಲ್ಲ. ನಾವು ತಂದ ಬುಲೆಟ್ಟಿನ ಎಂಜಿನ್ 346 ಸಿ.ಸಿ.ಯದು. ಅದರ ಸಿಲಿಂಡರಿನ ಅಗಲ 70 ಮಿಲಿಮೀಟರು. ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ 90 ಮಿಲಿಮೀಟರು. ಅಗಲಕ್ಕಿಂತ ಓಟ ಹೆಚ್ಚು, ಚಕ್ರ ಭಾರ. ಆದ್ದರಿಂದಲೇ ಅದು ಅವಸರವಿಲ್ಲದೆ ನಿಧಾನವಾಗಿ ಬಡಿಯುತ್ತ, ಗಂಟೆಗೆ ಐವತ್ತು ಅರುವತ್ತು ಕಿಲೋಮೀಟರು ವೇಗದಲ್ಲಿ ದಿನವಿಡೀ ಓಡಬಲ್ಲದು. ದೂರದ ಪ್ರಯಾಣಕ್ಕೆ ಅದನ್ನು ಬಯಸುವವರು ಇಂದಿಗೂ ಇರುವುದು ಇದೇ ಕಾರಣಕ್ಕೆ.

ನಮ್ಮ ಹಿಂದಿನ ವಾಹನ ಕೆಟ್ಟದೇನೂ ಆಗಿರಲಿಲ್ಲ. ಅದರ ಓಟವೂ ಚೆನ್ನ, ಬ್ರೇಕೂ ಚೆನ್ನ. ಆದರೆ ಅದು ನಮ್ಮದಾಗಿರಲಿಲ್ಲ. ಮುಂದಕ್ಕೆ ಬಾಗಿ ಕುಳಿತುಕೊಳ್ಳಬೇಕು; ನಲುವತ್ತು ದಾಟಿದ ಬೆನ್ನು ಅದನ್ನು ಒಪ್ಪುವುದಿಲ್ಲ. ಹಿಂದಿನ ಸೀಟು ಎತ್ತರ. ಸೀರೆ ಉಡುವ ಮನೆಯಾಕೆ ಅದರ ಮೇಲೆ ಒಮ್ಮೆ ಕುಳಿತವರು ಮತ್ತೆ ಬಸ್ಸನ್ನೇ ಹಿಡಿದರು. ನಮ್ಮ ಬಂಧುಗಳಿರುವುದು ಮಡಿಕೇರಿಯಲ್ಲಿ. ಚೆರ್ಕಳದಿಂದ ಮುಳ್ಳೇರಿಯ, ಆದೂರು ದಾಟಿ ಜಾಲ್ಸೂರು, ಅಲ್ಲಿಂದ ಸುಳ್ಯ, ಸಂಪಾಜೆ, ಆ ಬಳಿಕ ಸಾವಿರ ಮೀಟರಿಗೂ ಮಿಕ್ಕಿದ ಎತ್ತರಕ್ಕೆ ಘಾಟಿ. ಈ ದಾರಿಗೆ ಬೇಕಾದುದು ನೆಟ್ಟಗೆ ಕುಳಿತುಕೊಳ್ಳುವ ಸೀಟು, ಇಬ್ಬರನ್ನೂ ಒಂದು ಚೀಲವನ್ನೂ ಹೊರುವ ಬಲ. ಅದು ಹಳೆಯ ವಾಹನದಲ್ಲಿ ಸಿಕ್ಕಿತು. ಹೊಸತರಲ್ಲಿ ಸಿಕ್ಕಿದ್ದರೆ ಹೊಸತನ್ನೇ ಇಟ್ಟುಕೊಳ್ಳುತ್ತಿದ್ದೆವು.

ಹಳತು ಬಂದ ಮೊದಲ ವಾರ ಶಾಲೆಯ ಗೇಟಿನ ಬಳಿ ನಾವು ಪಟ್ಟ ಪಾಡನ್ನು ನೀವೆಲ್ಲ ನೋಡಿದ್ದೀರಿ. ಹದಿನೈದು ಸಲ ಒದ್ದರೂ ಎಂಜಿನ್ ಹೊತ್ತಿಕೊಳ್ಳಲಿಲ್ಲ. ಹದಿನಾರನೆಯ ಸಲ ಕಿಕ್ಕರ್ ತಿರುಗಿ ನಮ್ಮ ಕಾಲಿಗೇ ಹೊಡೆಯಿತು. ತಪ್ಪು ವಾಹನದ್ದಲ್ಲ, ನಮ್ಮದು. ಮೆಕ್ಯಾನಿಕ್ ಬಂದು ಒಂದು ಸಣ್ಣ ಮುಚ್ಚಳ ತೆಗೆದು, ಕಿಡಿ ಹುಟ್ಟಿಸುವ ಪಾಯಿಂಟನ್ನು ಕಾಗದದಿಂದ ಒರೆಸಿ, ಅರ್ಧ ಮಿಲಿಮೀಟರಿಗಿಂತಲೂ ಕಡಿಮೆಯಾದ ಅದರ ಎಡೆಯನ್ನು ಸರಿಪಡಿಸಿದರು. ಮತ್ತೆ ಕಲಿಸಿದರು: ಕೀಲಿ ತಿರುಗಿಸಿ ಕಿಕ್ಕರನ್ನು ಮೆಲ್ಲನೆ ಒತ್ತಬೇಕು, ವಿದ್ಯುತ್ ಅಳೆಯುವ ಮುಳ್ಳು ನಡುವಿಗೆ ಬಂದಾಗ ನಿಲ್ಲಿಸಬೇಕು, ಎಡಗೈಯ ಸಣ್ಣ ಹಿಡಿಯನ್ನು ಎಳೆದು ಸಿಲಿಂಡರಿನ ಒತ್ತಡ ಬಿಟ್ಟು ತುಸು ಮುಂದೆ ತಳ್ಳಬೇಕು, ಹಿಡಿ ಬಿಟ್ಟು, ಆಮೇಲೆ ಒಂದೇ ಒದೆ. "ಸಿಟ್ಟಿನಲ್ಲಿ ಒದ್ದರೆ ಆಗುವುದಿಲ್ಲ ಮಾಸ್ಟ್ರೇ" ಎಂದರು. ಇಪ್ಪತ್ತು ವರ್ಷ ಪಾಠ ಹೇಳಿದ ನಮಗೆ ಅಂದು ಪಾಠ ಆಯಿತು. ಈಗ ಆ ಮುಚ್ಚಳವನ್ನು ನಾವೇ ತೆಗೆಯುತ್ತೇವೆ. ತಾನು ಬಳಸುವ ವಸ್ತುವಿನ ಒಳಗು ಗೊತ್ತಿರುವುದು ಒಂದು ಬಗೆಯ ವಿದ್ಯೆಯೇ. ಹೊಸ ವಾಹನದಲ್ಲಿ ಒಂದು ಕೆಂಪು ದೀಪ ಹೊತ್ತಿದರೆ ಮಂಗಳೂರಿನವರೆಗೆ ಹೋಗಿ ಯಂತ್ರ ಜೋಡಿಸಿಯೇ ನೋಡಿಸಬೇಕಾಗಿತ್ತು.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತಾದೀತು. ಇನ್ನರ್ಧವನ್ನೂ ಹೇಳಬೇಕು.

1991ರ ಈ ವಾಹನದಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಈಗಿನ ವಾಹನಗಳಲ್ಲಿ ಇದಕ್ಕೆ ವಿರುದ್ಧ. ಮುಳ್ಳೇರಿಯದ ಹತ್ತಿರ ಒಂದು ತಿರುವಿನಲ್ಲಿ ದನವೊಂದು ಅಡ್ಡ ಬಂತು. ಅಭ್ಯಾಸಬಲದಿಂದ ಬಲಗಾಲನ್ನು ಒತ್ತಿದೆವು. ವಾಹನ ನಿಲ್ಲಬೇಕಾದಲ್ಲಿ ಗೇರು ಬದಲಾಯಿತು. ಕೈಬ್ರೇಕು ನೆನಪಾದ ಕಾರಣ ದನವೂ ಉಳಿಯಿತು, ನಾವೂ ಉಳಿದೆವು. ಅದೇ ಜಾಗದಲ್ಲಿ ಒಂದು ಮಗು ಇದ್ದಿದ್ದರೆ ಎಂಬ ಯೋಚನೆ ಆ ರಾತ್ರಿ ನಿದ್ದೆ ಕೊಡಲಿಲ್ಲ. ಗಟ್ಟಿ ಬ್ರೇಕು ಹಿಡಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎ.ಬಿ.ಎಸ್. ಎಂಬ ವ್ಯವಸ್ಥೆಯು 125 ಸಿ.ಸಿ.ಗೆ ಮೇಲ್ಪಟ್ಟ ಹೊಸ ದ್ವಿಚಕ್ರ ವಾಹನಗಳಿಗೆಲ್ಲ 2019ರ ಏಪ್ರಿಲ್‌ನಿಂದ ಕಡ್ಡಾಯವಾಗಿದೆ. ನಾವು ಕೊಟ್ಟುಬಂದ ವಾಹನದಲ್ಲಿ ಅದು ಇತ್ತು, ತಂದುದರಲ್ಲಿ ಇಲ್ಲ. ಹೊಗೆಯ ವಿಷಯವೂ ಹಾಗೆಯೇ. 2020ರ ಏಪ್ರಿಲ್‌ನಿಂದ ಹೊಸ ವಾಹನಗಳಿಗೆ ಬಂದ ಬಿ.ಎಸ್. 6 ನಿಯಮದ ಮುಂದೆ ಮೂವತ್ತು ವರ್ಷ ದಾಟಿದ ಎಂಜಿನ್ ತಲೆ ಎತ್ತುವಂತಿಲ್ಲ. ಹಿಂದೆ ಲೀಟರಿಗೆ ನಲುವತ್ತೈದು ಕಿಲೋಮೀಟರು ಓಡುತ್ತಿದ್ದೆವು, ಈಗ ಮೂವತ್ತು. ಆದುದರಿಂದ ಶಾಲೆಗೆ ಈಗ ಬಸ್ಸಿನಲ್ಲೇ ಬರುತ್ತಿದ್ದೇವೆ. ಹಳೆಯ ವಾಹನ ದೂರದ ದಾರಿಗೆ ಮಾತ್ರ.

ಗಡಿನಾಡಿನವರಾದ ನಾವು ಕಾಗದಪತ್ರಗಳ ವಿಷಯವನ್ನು ಮರೆಯಬಾರದು. ಕರ್ನಾಟಕದ ನಂಬರಿನ ವಾಹನ ಕೊಂಡು ಹಾಗೆಯೇ ಓಡಿಸುವವರು ನಮ್ಮಲ್ಲಿ ಕಡಿಮೆಯಿಲ್ಲ. ಕಾನೂನಿನ ಪ್ರಕಾರ ಬೇರೆ ರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿ ಉಳಿದರೆ ಇಲ್ಲಿಯ ಹೊಸ ನಂಬರು ಪಡೆಯಬೇಕು. ಅದಕ್ಕೆ ಆಚೆಯ ಕಚೇರಿಯ ನಿರಾಕ್ಷೇಪಣಾ ಪತ್ರ ಬೇಕು. ಹದಿನೈದು ವರ್ಷ ದಾಟಿದ ವಾಹನದ ನೋಂದಣಿಯನ್ನು ಐದೈದು ವರ್ಷಕ್ಕೊಮ್ಮೆ ನವೀಕರಿಸಬೇಕು. ಕೊಡುವವರೂ ಎಚ್ಚರವಾಗಿರಬೇಕು. ವಾಹನ ಮಾರಿದರೂ ಹೆಸರು ಬದಲಾಗಿಲ್ಲವಾದರೆ, ಅಪಘಾತದ ಪರಿಹಾರಕ್ಕೆ ದಾಖಲೆಯಲ್ಲಿರುವ ಮಾಲಕನೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿದೆ. ವಿನಿಮಯವೆಂದರೆ ಕೀಲಿ ಬದಲಾಯಿಸುವುದಷ್ಟೇ ಅಲ್ಲ.

ಇನ್ನು ನಮ್ಮ ಶಾಲೆಯ ಮಕ್ಕಳ ಮಾತು. ಗೇರಿರುವ ವಾಹನಕ್ಕೆ ಹದಿನೆಂಟು ತುಂಬುವ ಮುನ್ನ ಪರವಾನಗಿ ಇಲ್ಲ. 2019ರ ತಿದ್ದುಪಡಿಯಂತೆ, ಮಗು ವಾಹನ ಓಡಿಸಿ ಅಪರಾಧವಾದರೆ ಹೆತ್ತವರಿಗೆ 25,000 ರೂಪಾಯಿ ದಂಡವೂ ಮೂರು ವರ್ಷದವರೆಗೆ ಸೆರೆವಾಸವೂ ಇದೆ. "ಸಂಜೆ ಅಂಗಡಿಗೆ ಮಾತ್ರ" ಎಂದು ಕೀಲಿ ಕೊಡುವ ತಂದೆತಾಯಿಗಳು ಇದನ್ನು ಗಮನಿಸಬೇಕು.

ಆ ತರುಣ ಒಂದು ಭಾನುವಾರ ನಮ್ಮ ಮನೆಗೆ ಬಂದ. ಹಳತನ್ನು ಕೊಳ್ಳು ಎಂದು ನಾವು ಅವನಿಗೆ ಹೇಳಲಿಲ್ಲ. ಹೊಸದಾಗಿ ರಸ್ತೆಗಿಳಿಯುವವನಿಗೆ ಒಳ್ಳೆಯ ಬ್ರೇಕಿರುವ, ಹಗುರವಾದ ಹೊಸ ವಾಹನವೇ ಲೇಸು ಎಂದೆವು. ಆದರೆ ಮೂರು ಪ್ರಶ್ನೆ ಕೇಳಿದೆವು. ನೀನು ದಿನವೂ ಹೋಗುವ ದಾರಿ ಯಾವುದು? ನಿನ್ನ ಹಿಂದೆ ಯಾರು ಕುಳಿತುಕೊಳ್ಳುವರು? ಅದು ಕೆಟ್ಟ ದಿನ ಯಾರ ಹಣದಿಂದ ಸರಿಮಾಡಿಸುವೆ? ಮೊದಲನೆಯದಕ್ಕೆ ಉತ್ತರ ಬಂತು: ಮನೆಯಿಂದ ಕಾಲೇಜಿಗೆ ಒಂಬತ್ತು ಕಿಲೋಮೀಟರು. ಎರಡನೆಯದಕ್ಕೆ ಸ್ವಲ್ಪ ಹೊತ್ತಿನ ಬಳಿಕ "ಅಮ್ಮ" ಎಂದ. ಮೂರನೆಯದಕ್ಕೆ ತಲೆ ತಗ್ಗಿಸಿದ. ಆ ಎರಡು ಲಕ್ಷದ ಬೈಕಿನ ಹಿಂದಿನ ಸೀಟಿನಲ್ಲಿ ಅಮ್ಮ ಕುಳಿತುಕೊಳ್ಳಬಲ್ಲರೇ ಎಂದು ನಾವು ಮತ್ತೆ ಕೇಳಲಿಲ್ಲ. ಅವನೇ ಕೇಳಿಕೊಂಡಿರಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆಯನ್ನು ಹಿರಿಯರು ಹಣದ ವಿಷಯದಲ್ಲಿ ಹೇಳುತ್ತಾರೆ. ಅದು ದಾರಿಗೂ ಬೆನ್ನಿಗೂ ಜೊತೆಯಲ್ಲಿ ಬರುವವರಿಗೂ ಅನ್ವಯಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ. ವಸ್ತುವಿಗೆ ಎಷ್ಟು ವಯಸ್ಸು ಎಂಬುದು ಎರಡನೆಯ ಪ್ರಶ್ನೆ. ಅದರಿಂದ ನಮಗೆ ಆಗಬೇಕಾದ ಕೆಲಸವೇನು, ಅದರ ಆರೈಕೆ ನಮ್ಮ ಕೈಲಾಗುವುದೇ ಎಂಬುದು ಮೊದಲನೆಯದು. "ಎಲ್ಲರ ಹತ್ತಿರ ಇದೆ" ಎಂಬುದು ಇವೆರಡಕ್ಕೂ ಉತ್ತರವಲ್ಲ.

ಆ ತರುಣ ಏನು ಕೊಳ್ಳುವನೋ ಇನ್ನೂ ತೀರ್ಮಾನವಾಗಿಲ್ಲ. ಮೊನ್ನೆ ಬಸ್ಸಿನಲ್ಲಿ ಅವನ ತಂದೆ ಸಿಕ್ಕಿದ್ದರು. ಬಳೆಗಳು ಮನೆಯಲ್ಲೇ ಇವೆ ಎಂದರು.