ಲೆಕ್ಕ ಪಕ್ಕಾ, ಭಾಗ 6: ಎಲ್ಲರಿಗೂ ಸ್ವಂತ ಮನೆನೇ ಬೇಕಾ?

'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅಂತ ಗಾದೆ ಕೇಳಿದ್ದೀರಲ್ವಾ? ನಮ್ಮ ವಸತಿ ಯೋಜನೆಗಳೂ ಅದೇ ಗಾದೆ ಹಿಡ್ಕೊಂಡಿವೆ. ಮನೆ ಅಂದ್ರೆ ಕಟ್ಟಬೇಕು, ಇಲ್ಲಾ ಕೊಳ್ಳಬೇಕು. ಬಾಡಿಗೆಗೆ ಇರೋರು ಲೆಕ್ಕಕ್ಕೇ ಇಲ್ಲ. ಇವತ್ತು ನನ್ನ ತಕರಾರು ಅದರ ಮೇಲೆ.

ಮೊದಲು ನಂಬರ್ ನೋಡಿ 👇🏽

2012ರಲ್ಲಿ ಕೇಂದ್ರ ಸರ್ಕಾರದ ತಜ್ಞರ ತಂಡ ದೇಶದ ನಗರಗಳಲ್ಲಿ ಸುಮಾರು 1.88 ಕೋಟಿ ಮನೆಗಳ ಕೊರತೆ ಇದೆ ಅಂತ ಹೇಳ್ತು. ಆದ್ರೆ 2011ರ ಜನಗಣತಿ ಪ್ರಕಾರ ಅದೇ ನಗರಗಳಲ್ಲಿ ಸುಮಾರು 1.11 ಕೋಟಿ ಮನೆ ಖಾಲಿ ಇದ್ವು! ಡಿಮ್ಯಾಂಡ್-ಸಪ್ಲೈ ಓದಿರೋ ನಮಗೆ ತಲೆ ಕೆರ್ಕೊಳ್ಳೋ ಹಾಗಿದೆ ಅಲ್ವಾ? ಉತ್ತರ ಆ ತಂಡದ ವರದಿಯಲ್ಲೇ ಇದೆ. ಕೊರತೆಯ ಶೇ. 95ಕ್ಕೂ ಹೆಚ್ಚು ಪಾಲು ಬಡವರದ್ದು, ಕಡಿಮೆ ಆದಾಯದವರದ್ದು. ಸುಮಾರು ಶೇ. 80ರಷ್ಟು ಜನಕ್ಕೆ ತಲೆ ಮೇಲೆ ಸೂರಿದೆ, ಆದ್ರೆ ಕಾಲು ಚಾಚೋಕೆ ಜಾಗ ಇಲ್ಲದಷ್ಟು ಇಕ್ಕಟ್ಟು. ಖಾಲಿ ಇರೋ ಮನೆ ಅವರ ಕೈಗೆ ಎಟುಕಲ್ಲ.

2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಿಂದ ಲಕ್ಷಾಂತರ ಕುಟುಂಬಕ್ಕೆ ಮನೆ ಆಗಿದೆ, ಇಲ್ಲ ಅನ್ನಲ್ಲ. ಆದ್ರೆ ಅದರ ದೊಡ್ಡ ಪಾಲು ಸ್ವಂತ ಜಾಗ ಇದ್ದವರು ಕಟ್ಟಿಕೊಳ್ಳೋಕೆ ಕೊಡೋ ನೆರವು. ರಾಯಚೂರಿಂದ ಬೆಂಗಳೂರಿಗೆ ಗಾರೆ ಕೆಲಸಕ್ಕೆ ಬಂದವರಿಗೆ ಜಾಗ ಎಲ್ಲಿಂದ ಬರಬೇಕು? ಅವರಿಗೆ ಬೇಕಿರೋದು ಕೆಲಸದ ಹತ್ತಿರ ಒಂದು ಬಾಡಿಗೆ ಮನೆ.

2020ರ ಲಾಕ್‌ಡೌನಲ್ಲಿ ಕಾರ್ಮಿಕರು ನಡ್ಕೊಂಡೇ ಊರಿಗೆ ಹೊರಟ ಮೇಲೆ ಸರ್ಕಾರಕ್ಕೂ ಇದು ಕಾಣಿಸ್ತು. ಸರ್ಕಾರ ಕಟ್ಟಿ ಖಾಲಿ ಬಿಟ್ಟಿದ್ದ 80 ಸಾವಿರಕ್ಕೂ ಹೆಚ್ಚು ಮನೆಗಳನ್ನ ಬಾಡಿಗೆಗೆ ಕೊಡೋ ಯೋಜನೆ ಬಂತು. ಮೊದಲ ಎರಡು ವರ್ಷದಲ್ಲಿ ಆಗಿದ್ದು 6 ಸಾವಿರಕ್ಕೂ ಕಮ್ಮಿ.

ಇನ್ನು ಅಡ್ವಾನ್ಸ್ ಕಥೆ. ಬೆಂಗಳೂರಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಕೇಳೋದು ಹಳೇ ರೂಢಿ. 8 ಸಾವಿರದ ಮನೆಗೆ 80 ಸಾವಿರ! 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ ಪ್ರಕಾರ ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಕೇಳೋ ಹಾಗಿಲ್ಲ, ಅಂದ್ರೆ 16 ಸಾವಿರ. ಆದ್ರೆ ಅದು ಬರೀ ಮಾದರಿ. ರಾಜ್ಯ ತನ್ನ ಕಾನೂನಲ್ಲಿ ತಂದ್ರೆ ಮಾತ್ರ ಜಾರಿ.

'ಪಾಪ, ಓನರ್ ಗತಿ ಏನು?' ಅಂತೀರಾ? ನ್ಯಾಯವಾದ ಪ್ರಶ್ನೆ. ಬಾಡಿಗೆದಾರ ಬಿಟ್ಟು ಹೋಗಲ್ಲ, ಕೇಸ್ ವರ್ಷಗಟ್ಟಲೆ ಎಳೆಯುತ್ತೆ ಅನ್ನೋ ಭಯಕ್ಕೇ ಎಷ್ಟೋ ಜನ ಮನೆಗೆ ಬೀಗ ಹಾಕಿಡ್ತಾರೆ. ಅದೇ ಮಾದರಿ ಕಾಯ್ದೆಯಲ್ಲಿ ಬಾಡಿಗೆ ಜಗಳಕ್ಕೆ ಬೇರೆ ಕೋರ್ಟೂ ಇದೆ. ಇಬ್ಬರ ಭಯಾನೂ ಒಟ್ಟಿಗೆ ಕಳೀಬೇಕು.

ಬಾಡಿಗೆನೂ ಕಟ್ಟೋಕಾಗದವರು? ನಗರದಲ್ಲಿ ಲಕ್ಷ ಜನಕ್ಕೆ ಒಂದು ಆಶ್ರಯ ಕೇಂದ್ರ ಇರಬೇಕು ಅನ್ನೋದು ಕೇಂದ್ರದ ನಿಯಮ. 2011ರ ಜನಸಂಖ್ಯೆ ಹಿಡಿದ್ರೂ ಬೆಂಗಳೂರಿಗೆ 84 ಬೇಕು. ನಿಮ್ಮ ಏರಿಯಾದಲ್ಲಿ ಒಂದನ್ನಾದ್ರೂ ನೋಡಿದ್ದೀರಾ?

ಇನ್ನೆರಡು ವರ್ಷದಲ್ಲಿ ನಮ್ಮಲ್ಲಿ ಅರ್ಧಕ್ಕರ್ಧ ಜನ ಕೆಲಸ ಹುಡ್ಕೊಂಡು ಬೇರೆ ಊರಿಗೆ ಹೋಗ್ತೀವಿ. ಮೊದಲ ಸಂಬಳಕ್ಕಿಂತ ಮುಂಚೆ ಅಡ್ವಾನ್ಸ್ ಹೊಂದಿಸಬೇಕು. ಅದಕ್ಕೇ ಓಟು ಕೇಳೋಕೆ ಬಂದವರನ್ನ 'ಎಷ್ಟು ಮನೆ ಕಟ್ಟಿಸ್ತೀರಿ?' ಅನ್ನೋದರ ಜೊತೆ, 'ಬಾಡಿಗೆ ಕಾನೂನು ಯಾವಾಗ ಸರಿ ಮಾಡ್ತೀರಿ?' ಅಂತಾನೂ ಕೇಳಿ.

ನಿಮ್ಮೂರಲ್ಲಿ ಎಷ್ಟು ತಿಂಗಳ ಅಡ್ವಾನ್ಸ್ ಕೇಳ್ತಾರೆ? ಕಾಮೆಂಟಲ್ಲಿ ಹಾಕಿ, ಲೆಕ್ಕ ಹಾಕೋಣ.

#ಲೆಕ್ಕಪಕ್ಕಾ #ಬಾಡಿಗೆಮನೆ