ಹಿತ್ತಿಲ ಪುಟ: ಗೌರಿ ಹೂವು

ಹಿಂದಿನ ಸಮ್ಮೇಳನದ ಸ್ಮರಣ ಸಂಚಿಕೆಯ ಈ ಅಂಕಣದಲ್ಲಿ ಕರಿಬೇವಿನ ಕಷ್ಟಸುಖಗಳನ್ನು ಬರೆದಿದ್ದೆ. ಅದನ್ನೋದಿದ ಕೆಲವು ಸೋದರಿಯರು, ಒಗ್ಗರಣೆಯ ಗಿಡ ಸಾಕು, ಊರಿನ ಒಂದು ಹೂವಿನ ವಿಷಯ ಬರೆಯಿರಿ ಎಂದರು. ಆದ್ದರಿಂದ ಈ ಸಲ ಗೌರಿ ಹೂವು. ಕಥೆ ಪೂರ್ತಿ ಸುಖಕರವಾದದ್ದಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ.

ಶಿರಸಿ ಸೀಮೆಯವರಿಗೆ ಇದರ ಪರಿಚಯ ಬೇಕಿಲ್ಲ. ಮೊದಲ ಮಳೆಗೆ ಬೇಲಿಯ ಬುಡದಲ್ಲಿ ಮೊಳೆತು, ಎಲೆಯ ತುದಿಯನ್ನೇ ಸುರುಳಿಯಾಗಿಸಿ ಸಿಕ್ಕಿದ ಕಡ್ಡಿಯನ್ನು ಹಿಡಿದು ಮೇಲೇರುವ ಬಳ್ಳಿ. ಹೂವಿನ ಆರು ಎಸಳುಗಳೂ ಹಿಂದಕ್ಕೆ ಬಾಗಿ ಮೇಲ್ಮುಖವಾಗಿ ನಿಲ್ಲುತ್ತವೆ. ಹಸಿರು ಹಳದಿಯಾಗಿ, ಹಳದಿ ಕೆಂಪಾಗಿ, ಕಡೆಗೆ ಇಡೀ ಹೂವೇ ಉರಿಯಂತೆ ಕಾಣುತ್ತದೆ. ಅಗ್ನಿಶಿಖೆ ಎಂಬ ಹೆಸರು ಅದರಿಂದಲೇ ಬಂದಿರಬೇಕು. ಲಾಂಗಲಿ ಎಂದೂ ಕರೆಯುತ್ತಾರೆ. ಲಾಂಗಲವೆಂದರೆ ನೇಗಿಲು, ಇಬ್ಬಾಗವಾಗಿ ಬಾಗಿದ ಗಡ್ಡೆಯ ಆಕಾರ ಹಾಗೆಯೇ ಇದೆ. ನಾನು ಧಾರವಾಡದಲ್ಲಿ ಬಿ.ಎ. ಓದಿದವಳು, ಸಸ್ಯಶಾಸ್ತ್ರಕ್ಕಿಂತ ಹೆಸರುಗಳ ಮೇಲೆಯೇ ನನಗೆ ಮೋಹ ಹೆಚ್ಚು.

2021ರ ಮೇ ತಿಂಗಳಲ್ಲಿ ನನ್ನ ಆಯಿ ತೀರಿಕೊಂಡಳು. ಆ ಏಪ್ರಿಲ್ 24ರಿಂದ ಭಾರತದಿಂದ ಬರುವವರಿಗೆ ಒಮಾನಿನ ಪ್ರವೇಶ ನಿಂತಿತ್ತು. ಹೋದರೆ ಹಿಂತಿರುಗುವುದು ಎಂದೆಂದು ಯಾರೂ ಹೇಳಲಾರರು. ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ. ನಾನು ಹೋಗಲಿಲ್ಲ. ಮರುವರ್ಷ ಫೆಬ್ರವರಿಯಲ್ಲಿ ಹೋದಾಗ ಆಯಿಯ ಬೇಲಿಯ ಬುಡದಿಂದ ಆರು ಗಡ್ಡೆಗಳನ್ನು ಅಗೆದು ತಂದೆ. ಗಡ್ಡೆಯನ್ನು ಸೀರೆಯ ಮಡಿಕೆಯಲ್ಲಿ ಅಡಗಿಸಿ ತರುವಂತಿಲ್ಲ, ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು. ಅಣ್ಣನ ಮಗ ಅಲೆದು ಅದನ್ನು ಮಾಡಿಸಿಕೊಟ್ಟ.

ನಮ್ಮ ಅಲ್ ಹೈಲ್ ಕಡಲಿಗೆ ಅಂಟಿಕೊಂಡ ಊರು. ಬಾತಿನಾ ತೀರದ ಬಾವಿಗಳಿಂದ ನೀರನ್ನು ಎತ್ತಿದಷ್ಟೂ ಸಮುದ್ರ ಒಳಗೆ ಜಿನುಗುತ್ತದೆ. ಕಾಂಪೌಂಡಿನ ಬದಿಯ ನೆಲದಲ್ಲಿ ನಾಲ್ಕು ಗಡ್ಡೆ ಹುಗಿದು ಬಾವಿಯ ನೀರು ಹಾಕಿದೆ. ಎಲೆಯ ಅಂಚು ಸುಟ್ಟಿತು. ಜುಲೈಗೆ ನಾಲ್ಕೂ ಹೋದವು. ಕುಂಡದಲ್ಲಿಟ್ಟಿದ್ದ ಎರಡು ಮಾತ್ರ ಬದುಕಿದವು. ಆ ಕುಂಡ ಏ.ಸಿ. ಕೊಳವೆಯ ಕೆಳಗಿತ್ತೆಂಬುದು ನನ್ನ ಗಮನಕ್ಕೆ ಬಂದದ್ದು ಆಮೇಲೆ! ಏ.ಸಿ.ಯಿಂದ ತೊಟ್ಟಿಕ್ಕುವುದು ಗಾಳಿಯ ತೇವವೇ ತಣಿದು ಆದ ನೀರು, ಉಪ್ಪಿನ ಸೋಂಕಿಲ್ಲ. ಮಲೆನಾಡಿಗೂ ದೂರದ ಸಲಾಲಾಕ್ಕೂ ಮಳೆ ಹಿಡಿಯುವ ತಿಂಗಳುಗಳಲ್ಲೇ ನಮ್ಮಲ್ಲಿ ಏ.ಸಿ. ಹಗಲಿರುಳು ಓಡುತ್ತದೆ, ದಿನಕ್ಕೊಂದು ಬಕೆಟ್ ತುಂಬುತ್ತದೆ. ಗಡ್ಡೆಗೆ ಇಲ್ಲಿಯೂ ಮಳೆಗಾಲ ಸಿಕ್ಕಿತು.

ಬೆಳೆಸುವವರು ಆಳವಾದ ಕುಂಡವನ್ನೇ ಆರಿಸಬೇಕು. ತೊಳೆದ ವಾದಿ ಮರಳು, ಮಣ್ಣು, ಹಳೆಯ ಆಡಿನ ಗೊಬ್ಬರ ಬೆರೆಸಿ, ಗಡ್ಡೆಯನ್ನು ಎರಡು ಮೂರು ಅಂಗುಲ ಆಳದಲ್ಲಿ ಅಡ್ಡಲಾಗಿ ಮಲಗಿಸಬೇಕು. ಕವಲಿನ ತುದಿಯಲ್ಲಿ ಒಂದೇ ಕಣ್ಣು. ಅದು ಮುರಿದರೆ ಕವಲು ವ್ಯರ್ಥ. ಮಧ್ಯಾಹ್ನದ ಬಿಸಿಲು ತಾಗದ ಉತ್ತರದ ಗೋಡೆ ಒಳ್ಳೆಯದು. ಬಳ್ಳಿ ಒಣಗಿದೊಡನೆ ನೀರು ನಿಲ್ಲಿಸಿ. ಹಳೆಯ ಗಡ್ಡೆ ಸುಕ್ಕಿ ಹೋಗಿ ಅದರ ಬದಲು ಹೊಸದು ಕೂತಿರುತ್ತದೆ.

2023ರಲ್ಲಿ ಎಂಟು ಹೂವು ಬಿಟ್ಟಿತು, ಗೌರಿ ಹಬ್ಬ ಕಳೆದ ಮೇಲೆ. ಆದರೂ ಒಂದನ್ನು ಆಯಿಯ ಪಟದ ಮುಂದಿಟ್ಟೆ.

ಡಿಸೆಂಬರಿನಲ್ಲಿ ಮೂರು ಗಡ್ಡೆಗಳನ್ನು ಕಿತ್ತು ಒಣಮರಳಿನ ಡಬ್ಬದಲ್ಲಿಟ್ಟು, ಒಂದನ್ನು ಕುಂಡದಲ್ಲೇ ಬಿಟ್ಟೆ. ಹುಬ್ಬಳ್ಳಿಯಿಂದ ಓರಗಿತ್ತಿ ಬಂದಿದ್ದಳು. ಏಕಾದಶಿಯ ದಿನ ಸ್ನಾನ ಮುಗಿಸಿ ಬಂದೆ; ಕುಕ್ಕರ್ ಒಲೆಯ ಮೇಲಿತ್ತು. "ಅಕ್ಕಾ, ಗೆಣಸು ಒಣಗಿ ಹೋಗ್ತಿತ್ತು, ತೊಳೆದು ಬೇಯೋಕೆ ಇಟ್ಟೇನಿ" ಎಂದಳು. ನಾಲ್ಕು ವರ್ಷದ ಮೊಮ್ಮಗಳು ತಟ್ಟೆ ಹಿಡಿದು ಕೂತಿದ್ದಳು.

ಗೌರಿ ಹೂವಿನ ಗಿಡವೆಲ್ಲ ವಿಷ, ಗಡ್ಡೆಯಲ್ಲಿ ವಿಶೇಷ. ಕಾಲ್ಚಿಸಿನ್ ಎಂಬ ಆ ವಸ್ತು ಬೇಯಿಸಿದರೂ ಹೋಗದು. ಅದರಿಂದಲೇ ಗೌಟ್ ರೋಗಕ್ಕೆ ಔಷಧಿ ಮಾಡುತ್ತಾರೆ. ತಮಿಳುನಾಡಿನ ರೈತರು ಇದನ್ನು ಬೀಜಕ್ಕಾಗಿ ಹೊಲದಲ್ಲಿ ಬೆಳೆಯುತ್ತಾರೆ. ಗೆಣಸೆಂದು ತಿಂದು ಸತ್ತವರಿದ್ದಾರೆ. ಇದೆಲ್ಲ ನನಗೆ ಗೊತ್ತಿತ್ತು, ಡಬ್ಬದ ಮೇಲೆ ಒಂದಕ್ಷರ ಬರೆದಿರಲಿಲ್ಲ. ತಪ್ಪು ಓರಗಿತ್ತಿಯದಲ್ಲ. ಕುಕ್ಕರನ್ನೂ ಎಸೆದೆ, ಅವಳು ಆ ದಿನವೆಲ್ಲ ಅತ್ತಳು.

ಉಳಿದ ಗಡ್ಡೆಯನ್ನೂ ಎಸೆದುಬಿಡೆಂದು ಯಜಮಾನರು ಹೇಳಿದರು. ಅವರ ಮಾತು ನ್ಯಾಯವಾದದ್ದೇ. ಮೂರು ದಿನ ನಾನು ಉತ್ತರ ಕೊಡಲಿಲ್ಲ. ನಾಲ್ಕನೆಯ ದಿನ ಅವರೇ ಅಂಗಡಿಗೆ ಹೋಗಿ ತಂತಿ ಬಲೆಯ ಚೌಕಟ್ಟು, ಒಂದು ಬೀಗ ತಂದರು.

ಈಗ ಕುಂಡ ಮಹಡಿಯ ಮೇಲಿದೆ. ಅಲ್ಲಿಯೂ ಒಂದು ಏ.ಸಿ. ಕೊಳವೆಯುಂಟು. ಬಲೆಯ ಮೇಲೆ ಕನ್ನಡ, ಇಂಗ್ಲಿಷ್, ಅರಬ್ಬಿ ಮೂರರಲ್ಲೂ ವಿಷವೆಂದು ಬರೆದ ಹಲಗೆ. ಗಡ್ಡೆಯನ್ನು ಕುಂಡದಿಂದ ಹೊರಗಿಡುವುದಿಲ್ಲ, ಕೈಗವಸಿಲ್ಲದೆ ಮುಟ್ಟುವುದಿಲ್ಲ. ಗಡ್ಡೆ ಕೇಳಿ ಇಬ್ಬರು ಗೆಳತಿಯರು ಫೋನು ಮಾಡಿದ್ದರು. ಮನೆಯಲ್ಲಿ ಚಿಕ್ಕ ಮಕ್ಕಳಿರುವುದರಿಂದ ಕೊಡಲಿಲ್ಲ, ಬೇಸರಿಸಿಕೊಂಡರು. 2024ರಲ್ಲಿ ಎರಡು ಮೊಳಕೆ ಬಂದಿತ್ತು. 2025ರ ಮೇ ತಿಂಗಳಲ್ಲಿ ನಾಲ್ಕು ಬಂದವು. ಬೀಗದ ಕೈ ನನ್ನ ತಾಳಿಸರದ ಪಿನ್ನಿನಲ್ಲಿದೆ.