ಇಳಿಗಾಲದ ಗೊಮ್ಮಟರು

ಚರಿತ್ರೆ ಸ್ವಾತಂತ್ರ್ಯದ ಅರಿವಿನತ್ತ ಸಾಗುತ್ತದೆಂದು ಹೆಗೆಲ್ ನಂಬಿದ್ದನು. ಅಂತಹ ಗುರಿಯ ನಂಬಿಕೆ ಅಳಿದರೆ ಮೌಲ್ಯಗಳೂ ಕುಸಿದಾವೆಂಬ ಅಳುಕನ್ನು ಯೂರೋಪಿಗೆ ಹಚ್ಚಿದವನು ನೀತ್ಸೆ. ಅದಕ್ಕೆ ಶೂನ್ಯವಾದವೆಂದು ಹೆಸರು. (ನಾಗಾರ್ಜುನನ ಶೂನ್ಯವೇ ಬೇರೆ, ಅದನ್ನು ಇದರೊಡನೆ ಬೆರೆಸುವುದು ಅನ್ಯಾಯ.)

ಘಟ್ಟದ ಬುಡದ ನೆರಿಯ ಸೀಮೆಗೆ ಈ ಪ್ರಶ್ನೆ ಹೊಸದಲ್ಲ. ಜೈನರ ಕಾಲಚಕ್ರದಲ್ಲಿ ಈಗಿನದು ಪಂಚಮಕಾಲ. 21,000 ವರ್ಷಗಳ ಇಳಿಗಾಲ. ಭರತಕ್ಷೇತ್ರದಿಂದ ಈ ಕಾಲದಲ್ಲಿ ಮೋಕ್ಷವೂ ಇಲ್ಲವೆನ್ನುತ್ತದೆ ಶಾಸ್ತ್ರ. ಇದಕ್ಕಿಂತ ನಿರಾಶೆಯ ಚರಿತ್ರೆಯುಂಟೆ? ಆದರೂ ಅದನ್ನು ನಂಬಿದವರು ಕೈಕಟ್ಟಿ ಕೂರಲಿಲ್ಲ. 1604ರಲ್ಲಿ ತಿಮ್ಮಣ್ಣ ಅಜಿಲನು ವೇಣೂರಿನಲ್ಲಿ 35 ಅಡಿಯ ಗೊಮ್ಮಟನನ್ನು ನಿಲ್ಲಿಸಿದನು. ರೆಂಜಾಳ ಗೋಪಾಲ ಶೆಣೈಯವರು ಕಾರ್ಕಳದಲ್ಲಿ ಕಡೆದ 39 ಅಡಿಯ ಬಾಹುಬಲಿಗೆ ನೆರಿಯದ ನೆರೆಯ ಧರ್ಮಸ್ಥಳದಲ್ಲಿ 1982ರಲ್ಲಿ ಪ್ರತಿಷ್ಠೆಯಾಯಿತು. 2024ರಲ್ಲಿ ವೇಣೂರಿನ ಮೂರ್ತಿಗೆ ಮತ್ತೆ ಮಹಾಮಸ್ತಕಾಭಿಷೇಕ ನಡೆಯಿತು. ಪಂಚಮಕಾಲ ಮುಗಿಯಲು ಇನ್ನೂ 18,000ಕ್ಕೂ ಹೆಚ್ಚು ವರ್ಷಗಳಿವೆ.